ಕಣ್ಣು ಮುಚ್ಚಿ ನೋಡುವ ಡಬ್ಬಿಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಸ್ಟೆಲಿನ ಊಟದ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ, ಅದೂ ಅಕ್ಕನ ಸಲುವಾಗಿ. ದುಡಿಯುವ ಅಂಧ ಮಹಿಳೆಯರ ಹಾಸ್ಟೆಲ್ ಇದು. ಉಳಿದವರಿಗೆ ದೀಪದ ಹಂಗಿಲ್ಲ. ಉದ್ದನೆಯ ಮೇಜಿನ ತುದಿಯಲ್ಲಿ, ಮಡಿಲ ಮೇಲೆ ಟವೆಲ್ ಹಾಸಿಕೊಂಡು, ಕಾಲ ಬಳಿ ಕಸದ ಬುಟ್ಟಿ ಎಳೆದುಕೊಂಡು ಕೂತ ಅಕ್ಕ ಒಂದು ಲಿಪ್‌ಸ್ಟಿಕ್ಕಿನ ಮುಚ್ಚಳ ತೆಗೆಯುತ್ತಾರೆ. ತೆಗೆದವರು ಅದನ್ನು ನೋಡುವುದಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಮೂಗಿನ ಹತ್ತಿರ ಹಿಡಿದು, ಒಮ್ಮೆ ಜೋರಾಗಿ ಉಸಿರೆಳೆದುಕೊಳ್ಳುತ್ತಾರೆ.

“ಹೋಯ್ತು ಕಣಮ್ಮ ಇದು.”

“ಅಯ್ಯೋ, ಇನ್ನೊಂದು ತಿಂಗಳು ಬರಲ್ವಾ ಅಕ್ಕ? ಅರ್ಧ ಕೂಡ ಖರ್ಚಾಗಿಲ್ಲ,” ಎಂದು ಗೋಗರೆಯುತ್ತಾಳೆ ಎದುರಿಗೆ ಕೂತ ಸಂಗೀತದ ಟೀಚರು.

“ಬರತ್ತೆ, ಯಾಕೆ ಬರಲ್ಲ? ಲಿಪ್‌ಸ್ಟಿಕ್ ಇರತ್ತೆ, ತುಟಿ ಇರಲ್ಲ. ಆಮೇಲೆ ಯಾವುದಕ್ಕೆ ಹಚ್ತೀಯ?”

ಸಾಲಾಗಿ ಕೂತವರೆಲ್ಲ ಗೊಳ್ಳೆಂದು ನಗುತ್ತಾರೆ. ಟೀಚರು ಮುಖ ಸಣ್ಣದು ಮಾಡಿಕೊಂಡರೂ ಕೈಚಾಚಿ ಲಿಪ್‌ಸ್ಟಿಕ್ಕನ್ನು ವಾಪಸು ಪಡೆದು, ತಾನೂ ಮೂಸಿ ನೋಡಿ, ಬುಟ್ಟಿಗೆ ಹಾಕುತ್ತಾಳೆ. ಎಸೆಯುವ ಕೆಲಸವನ್ನು ಅಕ್ಕ ತಾವಾಗಿ ಮಾಡುವುದಿಲ್ಲ. ಯಾರ ವಸ್ತುವೋ ಅವರೇ ಮೂಸಬೇಕು, ಅವರೇ ಎಸೆಯಬೇಕು. ಅದು ಈ ಮೇಜಿನ ಕಾನೂನು.

ಸಂಬಳದ ಪಟ್ಟಿಯಲ್ಲಿ ಅಕ್ಕ ಇಲ್ಲಿ ಗುಡಿಸಿ, ಒರೆಸಿ, ಬಟ್ಟೆ ಒಗೆಯುವವರು. ಡಬ್ಬಿ ನೋಡುವುದು ಯಾರೂ ಹೇಳಿದ ಕೆಲಸವಲ್ಲ. ಆದರೆ ಇಪ್ಪತ್ತೆರಡು ಹೆಂಗಸರ ಪೌಡರ್, ಕ್ರೀಮು, ಕಾಡಿಗೆ, ಲಿಪ್‌ಸ್ಟಿಕ್ಕುಗಳೆಲ್ಲ ವಾರಕ್ಕೊಮ್ಮೆಯಾದರೂ ಅವರ ಕೈ ದಾಟಿಯೇ ಹೋಗಬೇಕು. ಹಾಗಾಗಿ ನಿಜವಾದ ಹೆಸರು ಬದಿಗೆ ಸರಿದು ‘ಡಬ್ಬಿಯಕ್ಕ’ ಎಂಬುದೇ ನಿಂತುಬಿಟ್ಟಿದೆ. “ನನ್ನ ಗಾತ್ರ ನೋಡಿ ಹಾಗೆ ಕರೀತಾರೇನೋ ಅಂತ ಹೊರಗಿನೋರು ಅಂದ್ಕೋತಾರೆ. ಅಂದ್ಕೊಳ್ಳಲಿ ಬಿಡಿ, ಅದೂ ಸುಳ್ಳೇನಲ್ಲ,” ಎಂದು ತಮ್ಮ ದೊಡ್ಡ ಮೈ ಕುಲುಕಿಸಿಕೊಂಡು ನಗುತ್ತಾರೆ.

ಈ ವಾರ ಮಾತ್ರ ಆ ನಗು ಅರ್ಧಕ್ಕೇ ನಿಲ್ಲುತ್ತಿದೆ. ಭಾನುವಾರ ಒಬ್ಬ ಹುಡುಗಿ ಹಾಸ್ಟೆಲ್ ಬಿಟ್ಟು ಹೊರಡುತ್ತಿದ್ದಾಳೆ. ಆಸ್ಪತ್ರೆಯೊಂದರ ವಿಚಾರಣೆಯ ಫೋನಿಗೆ ಉತ್ತರಿಸುವ ಕೆಲಸ ಅವಳದು. ಎಲ್ಲರೂ ಅವಳನ್ನು ‘ಟೆಲಿಫೋನು’ ಎಂದೇ ಕರೆಯುತ್ತಾರೆ. ಕೆಲಸದ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ, ಒಬ್ಬಳೇ ಇರುತ್ತಾಳಂತೆ. ಅವಳ ಎಡಗಣ್ಣು ಪೂರ್ತಿ ಕತ್ತಲು. ಬಲಗಣ್ಣಿಗೆ ಮಾತ್ರ ಕಿಟಕಿ ಯಾವುದು, ಗೋಡೆ ಯಾವುದು ಎಂದು ತಿಳಿಯುವಷ್ಟು ಬೆಳಕಿದೆ. “ಬರೀ ಅಷ್ಟೇ ಕಾಣೋದು ನನಗೆ,” ಎನ್ನುತ್ತಾಳೆ ಹುಡುಗಿ. “ಆದ್ರೆ ಆ ಅಷ್ಟೇ ನನಗೆ ಎಷ್ಟೋ ಆಯ್ತು.” ಹೊಸ ಕೋಣೆಯಲ್ಲಿ ಅವಳ ಡಬ್ಬಿಗಳನ್ನು ನೋಡುವವರಿಲ್ಲ. ಒಂದು ಕೆಟ್ಟ ಕಾಡಿಗೆ ಸಾಕು, ಆ ಅಷ್ಟೂ ಬೆಳಕು ಆರಿಹೋಗಲು. ಅಕ್ಕನ ಮಟ್ಟಿಗೆ ಇದು ಸುಮ್ಮನೆ ಪಡುವ ಭಯವಲ್ಲ, ಒಮ್ಮೆ ಕಣ್ಣಾರೆ ಕಂಡದ್ದು.

ಸಾಲದ್ದಕ್ಕೆ ಟೆಲಿಫೋನಿಗೆ ಯಾವುದನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ಯಾರೋ ಕೊಟ್ಟ ಚಾಕಲೇಟಿನ ಕಾಗದವನ್ನು ಕೂಡ ಮಡಿಸಿ ದಿಂಬಿನ ಕೆಳಗಿಟ್ಟುಕೊಳ್ಳುವ ಹುಡುಗಿ. “ಮೂಗು ನನ್ನ ಮೂಗಿಗಿಂತ ಚುರುಕು. ಮನಸ್ಸು ಮಾತ್ರ ಬೆಣ್ಣೆ. ಕೆಟ್ಟಿದೆ ಅಂತ ಗೊತ್ತಿದ್ದೂ ‘ಇರಲಿ ಬಿಡಕ್ಕ, ಪಾಪ’ ಅಂತಾಳೆ. ಲಿಪ್‌ಸ್ಟಿಕ್ಕಿಗೆ ಯಾರಾದ್ರೂ ಪಾಪ ಅಂತಾರಾ ಹೇಳಿ?” ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ.

ಕಣ್ಣು ಕಾಣದವರಿಗೆ ಮೇಕಪ್ ಯಾಕೆ ಎಂದು ಮೂಗು ಮುರಿಯುವವರಿಗೆ ಅಕ್ಕನ ಹತ್ತಿರ ಸಿದ್ಧ ಉತ್ತರವಿದೆ. “ಬೆನ್ನು ನಿಮಗೆ ಕಾಣತ್ತಾ? ಆದ್ರೂ ಸೋಪು ಹಚ್ತೀರಲ್ಲ. ಮುಖ ಅವರದ್ದು, ಅವರಿಷ್ಟ.” ಇಲ್ಲಿಯ ಹೆಂಗಸರು ಬ್ಯಾಂಕಿಗೆ, ಶಾಲೆಗೆ, ಕಚೇರಿಗೆ ಹೋಗುವವರು, ಹತ್ತು ಜನರ ಎದುರು ನಿಲ್ಲುವವರು. ಕಿರುಬೆರಳಿನಿಂದ ತುಟಿಯ ಅಂಚು ಹುಡುಕಿ ಅವರು ಲಿಪ್‌ಸ್ಟಿಕ್ ಹಚ್ಚಿಕೊಳ್ಳುವುದನ್ನು ನೋಡಬೇಕು, ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಇಡೀ ಕಟ್ಟಡದಲ್ಲಿ ಇರುವುದು ಒಂದೇ ಕನ್ನಡಿ, ಅದು ವಾರ್ಡನ್ ಕೋಣೆಯಲ್ಲಿದೆ. “ಅದರ ಮುಂದೆ ನಿಂತು ಹಚ್ಕೊಂಡೂ ವಾರ್ಡನ್ ಮೇಡಂದು ಸೊಟ್ಟಗೇ ಇರತ್ತಂತೆ,” ಎಂದು ಸಂಗೀತದ ಟೀಚರು ಪಿಸುಗುಟ್ಟುತ್ತಾಳೆ. ಯಾರು ಹೇಳಿದ್ದು ಎಂದು ಕೇಳಿದರೆ ಎಲ್ಲರ ಮುಖವೂ ಅಕ್ಕನ ಕಡೆ ತಿರುಗುತ್ತದೆ.

ಅಕ್ಕ ಮೊದಲು ಇದ್ದದ್ದು ಒಂದು ಬ್ಯೂಟಿ ಪಾರ್ಲರಿನಲ್ಲಿ. ಅಲ್ಲಿ ಟವೆಲ್ ಒಗೆಯುವುದು, ಬ್ರಷ್ ತೊಳೆಯುವುದು, ಕೂದಲು ಗುಡಿಸುವುದು ಅವರ ಪಾಲಿನ ಕೆಲಸ. ಬೇರೆಯವರ ಮುಖ ತಿದ್ದುವವರನ್ನು ವರ್ಷಗಟ್ಟಲೆ ನೋಡಿದರೂ ತಾವೊಮ್ಮೆಯೂ ಏನೂ ಹಚ್ಚಿಕೊಂಡವರಲ್ಲ. ಪಾರ್ಲರು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಗಂಡ ಕೋಲ್ಡ್ ಸ್ಟೋರೇಜ್ ಗೋದಾಮೊಂದರ ರಾತ್ರಿ ಕಾವಲುಗಾರ. ಬೆಳಗ್ಗೆ ಇವರು ಹೊರಡುವ ಹೊತ್ತಿಗೆ ಅವರು ಬರುತ್ತಾರೆ. ಬೀಗದ ಕೈ ಬಾಗಿಲಲ್ಲೇ ಕೈ ಬದಲಾಗುತ್ತದೆ. “‘ಲೋಕದೋರ ಮುಖಾನೆಲ್ಲ ವಿಚಾರಿಸ್ಕೋತೀಯ, ನನ್ನ ಮುಖ ಯಾವಾಗ ನೋಡ್ತೀಯೇ?’ ಅಂತಾರೆ. ‘ಬನ್ನಿ, ನಿಮ್ಮನ್ನೂ ಮೂಸಿ ನೋಡ್ತೀನಿ, ಕೆಟ್ಟಿದ್ರೆ ಬುಟ್ಟಿಗೆ ಹಾಕ್ತೀನಿ’ ಅಂತೀನಿ.” ಮಕ್ಕಳಿಲ್ಲ. ಆ ಮಾತು ಬಂದರೆ ಅಕ್ಕ ಮೇಜಿನ ಕಡೆ ಕೈ ತೋರಿಸಿ, “ಇಷ್ಟು ಸಾಲ್ದಾ ನನ್ನ ಪ್ರಾಣ ತಿನ್ನೋಕೆ?” ಎನ್ನುತ್ತಾರೆ. ಹಾಗೆನ್ನುವಾಗ ಅವರ ದನಿ ಎಷ್ಟು ಮೆತ್ತಗಾಗುತ್ತದೆ ಎಂಬುದು ಅವರಿಗೇ ತಿಳಿದಿರಲಾರದು.

ಗುಡಿಸಲು ಬಂದ ಹೊಸತರಲ್ಲಿ ಒಂದು ದಿನ, ಒಬ್ಬಾಕೆ ಬೂಷ್ಟು ಹಿಡಿದ ಕ್ರೀಮನ್ನು ನಿಶ್ಚಿಂತೆಯಿಂದ ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದುದು ಅಕ್ಕನ ಕಣ್ಣಿಗೆ ಬಿತ್ತು. ಪೊರಕೆ ಬಿಸಾಕಿ ಓಡಿಹೋಗಿ ಕೈ ಹಿಡಿದರು. ಡಬ್ಬಿ ನೋಡುವ ಕೆಲಸ ಶುರುವಾದದ್ದು ಹಾಗೆ. ಆ ಕ್ರೀಮು ಎಲ್ಲಿಂದ ಬಂತು ಎಂದು ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಹಾಸ್ಟೆಲಿಗೆ ದೊಡ್ಡ ಮನಸ್ಸಿನವರು ಆಗಾಗ ಚೀಲ ಚೀಲ ಮೇಕಪ್ ಸಾಮಾನು ಕೊಟ್ಟುಹೋಗುತ್ತಾರೆ. ಬಿಚ್ಚಿ ನೋಡಿದರೆ ಅರ್ಧ ಬಳಸಿದ್ದು, ಒಣಗಿದ್ದು, ಅವರ ಮನೆಯ ಕನ್ನಡಿ ಮುಂದೆ ವರ್ಷಗಟ್ಟಲೆ ಧೂಳು ತಿಂದದ್ದು. ತಮ್ಮ ಮುಖಕ್ಕೆ ಬೇಡವಾದದ್ದನ್ನು ಇನ್ನೊಬ್ಬರ ಮುಖಕ್ಕೆ ದಾನ ಮಾಡುವ ಈ ಔದಾರ್ಯಕ್ಕೆ ಏನೆನ್ನಬೇಕೋ ತಿಳಿಯದು. “‘ಅವರಿಗೇನು ಕಾಣತ್ತಾ’ ಅಂದ್ಕೊಂಡಿರ್ತಾರೆ,” ಎನ್ನುವಾಗ ಅಕ್ಕನಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚು. ಕೊಟ್ಟವರು ತಾವೇ ಏನೋ ಎಂಬಷ್ಟು ನಾಚಿಕೆ.

ಕೆಟ್ಟದ್ದನ್ನು ಗುರುತಿಸುವುದು ಹೇಗೆ? ಅಕ್ಕ ಬೆರಳು ಮಡಚದೆ, ಉಸಿರು ಬಿಡದೆ ಹೇಳುತ್ತಾರೆ. “ಲಿಪ್‌ಸ್ಟಿಕ್ ಕೆಟ್ರೆ ಹಳೇ ಎಣ್ಣೆ ಥರ ಕಮಟು ಬರತ್ತೆ. ಕೆಲವು ಸಲ ಮೇಲೆ ಬೆವರಿದ ಹಾಗೆ ಹನಿ ಕೂತಿರತ್ತೆ, ಬೆರಳಿಗೆ ಸಿಗತ್ತೆ. ಪೌಡರ್ ಮೇಲೆ ಗಟ್ಟಿ ಪದರ ಕಟ್ಟತ್ತೆ, ಉಗುರಲ್ಲಿ ಕೆರೆದು ನೋಡ್ಬೇಕು. ಕ್ರೀಮು ನೀರು ಬೇರೆ, ಕೊಬ್ಬು ಬೇರೆ ಆಗತ್ತೆ. ರೆಪ್ಪೆಗೆ ಹಚ್ಚೋ ಮಸ್ಕಾರ ಇದೆಯಲ್ಲ, ಅದಕ್ಕೆ ಮಾತ್ರ ಮೂಗನ್ನೂ ನಂಬಬಾರದು. ಮೂರು ತಿಂಗಳಾಯ್ತೋ, ಚೆನ್ನಾಗಿದ್ರೂ ಎಸೀಬೇಕು.” ತಿಂಗಳ ಲೆಕ್ಕಕ್ಕೆ ಪ್ರತಿ ಡಬ್ಬಿಗೂ ಒಂದು ದಾರ ಕಟ್ಟಿದೆ, ತಿಂಗಳಿಗೊಂದು ಗಂಟು. ಒಣಗಿತೆಂದು ನೀರು ಹನಿಸುವಂತಿಲ್ಲ. ಒಬ್ಬರ ಕಾಡಿಗೆ ಇನ್ನೊಬ್ಬರ ಕಣ್ಣಿಗಿಲ್ಲ. ಕಣ್ಣು ಕೆಂಪಾದರೆ ಆ ದಿನಗಳಲ್ಲಿ ಕಣ್ಣಿಗೆ ಮುಟ್ಟಿಸಿದ್ದೆಲ್ಲ ಸೀದಾ ಬುಟ್ಟಿಗೆ.

ಆದರೆ ಕಣ್ಣು ಮುಚ್ಚಿಕೊಂಡೇ ಯಾಕೆ ನೋಡುವುದು? ಇದನ್ನು ಕೇಳಿದಾಗ ಅಕ್ಕ ಮಡಿಲ ಟವೆಲನ್ನು ಮಡಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಿಸುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ದಾನದ ಚೀಲವೊಂದರಲ್ಲಿ ಒಂದು ಕಾಡಿಗೆ ಕಡ್ಡಿ ಸಿಕ್ಕಿತು. ಚಿನ್ನದ ಬಣ್ಣದ ಮುಚ್ಚಳ, ಒಂದು ಗೀರೂ ಇಲ್ಲ. ಅಕ್ಕ ಅದನ್ನು ಟೆಲಿಫೋನಿಗೆಂದೇ ತೆಗೆದಿಟ್ಟರು. ಹುಡುಗಿ ಮುಚ್ಚಳ ತೆಗೆದವಳೇ, “ಅಕ್ಕ, ಏನೋ ಒಂಥರಾ ವಾಸನೆ,” ಎಂದಳು. ಅಕ್ಕ ಬೆಳಕಿಗೆ ಹಿಡಿದು ನೋಡಿದರು. ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

“‘ನೋಡೋಕೆ ಹೊಸದರ ಹಾಗೇ ಇದೆ ಕಣೇ, ಹಚ್ಕೋ’ ಅಂದ್ಬಿಟ್ಟೆ. ನನಗೆ ಕಣ್ಣಿದೆ, ಅವಳಿಗೇನು ಗೊತ್ತಾಗತ್ತೆ ಅನ್ನೋ ಕೊಬ್ಬು. ಆ ದಾನ ಕೊಡೋರಿಗೂ ನನಗೂ ಏನು ವ್ಯತ್ಯಾಸ ಆಯ್ತು ಹೇಳಿ?”

ಹುಡುಗಿ ಅಕ್ಕನ ಮಾತು ನಂಬಿ ಹಚ್ಚಿಕೊಂಡಳು. ಎರಡು ದಿನ ಕಳೆಯುವುದರೊಳಗೆ ಬಲಗಣ್ಣು ಊದಿಕೊಂಡು ಕೀವು ಸೋರತೊಡಗಿತು. ಕರಿಗುಡ್ಡೆಯ ಮೇಲೆ ಹುಣ್ಣಾಗಿದೆ, ಉಳಿದಿರುವ ಬೆಳಕು ಉಳಿಯುತ್ತದೋ ಇಲ್ಲವೋ ಕಾದು ನೋಡಬೇಕು ಎಂದರು ಡಾಕ್ಟರು. ಅಕ್ಕ ರಜೆ ಹಾಕಿ ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತವರು, ಹನಿ ಔಷಧಿಯ ಹೊತ್ತು ತಪ್ಪದ ಹಾಗೆ ನೋಡಿಕೊಂಡರು. ಅನ್ನ ನೀರು ಸರಿಯಾಗಿ ಸೇರಲಿಲ್ಲ. ಹುಡುಗಿ ಒಂದು ಮಾತೂ ಬೈಯಲಿಲ್ಲ. “ಬೈದಿದ್ರೆ ಹೊಟ್ಟೆ ತಣ್ಣಗಾಗ್ತಿತ್ತು. ಅವಳು ನನಗೇ ‘ಊಟ ಮಾಡಿದ್ಯಾ ಅಕ್ಕ’ ಅಂತ ಕೇಳೋಳು.” ಊತ ಇಳಿದು ರೆಪ್ಪೆ ತೆರೆದ ದಿನ ಹುಡುಗಿ ನಿಧಾನವಾಗಿ ತಲೆ ತಿರುಗಿಸಿ, ಕೈ ಎತ್ತಿ, “ಕಿಟಕಿ ಅಲ್ಲಿದೆ, ಅಲ್ವಾ?” ಎಂದಳು. ಅಕ್ಕ ಹೊರಗೆ ಹೋಗಿ ಗೋಡೆಗೊರಗಿ ಮನಸಾರೆ ಅತ್ತರು.

ಅಂದಿನಿಂದ ಅವರು ಡಬ್ಬಿ ಹಿಡಿದರೆ ಮೊದಲು ಕಣ್ಣು ಮುಚ್ಚುತ್ತಾರೆ. ಮೂಗು ಮತ್ತು ಬೆರಳು ಸರಿ ಎಂದ ಮೇಲೆ ಕಣ್ಣಿನ ಸರದಿ. ದಾನದ ಚೀಲಗಳ ಬಗ್ಗೆ ವಾರ್ಡನ್ ಜೊತೆ ಜಗಳವನ್ನೂ ಆಡಿದ್ದಾರೆ. “ಕೊಟ್ಟೋರಿಗೆ ಬೇಜಾರಾಗತ್ತೆ ಅಂದ್ರು ಮೇಡಂ. ಆಗಲಿ ಮೇಡಂ, ಬೇಜಾರಿಗೆ ಮದ್ದು ಬೇಕಾಗಲ್ಲ ಅಂದೆ.” ಈಗ ಸೀಲು ಒಡೆಯದ ವಸ್ತು ಮಾತ್ರ ಒಳಗೆ ಬರುತ್ತದೆ. ವಾರ್ಡನ್ ಕೂಡ ಒಂದು ದಿನ ಯಾರಿಗೂ ಗೊತ್ತಾಗದಂತೆ ತಮ್ಮ ಪೌಡರ್ ಡಬ್ಬಿಯನ್ನು ಅಕ್ಕನ ಮುಂದಿಟ್ಟು ಹೋದರಂತೆ.

ಭಾನುವಾರ ಬಂದೇಬಿಡುತ್ತದೆ. ಟೆಲಿಫೋನಿನ ಸಾಮಾನೆಲ್ಲ ಎರಡು ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ. ಕೊನೆಗೆ ಮೇಕಪ್ ಚೀಲವನ್ನು ತಂದು ಊಟದ ಮೇಜಿನ ಮೇಲೆ ಸುರಿಯುತ್ತಾಳೆ. ಅಕ್ಕ ಇವತ್ತು ಬಾಯಿ ಬಿಡುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡು ಎದುರಿಗೆ ಕೂತಿದ್ದಾರೆ. ನಾಳೆಯಿಂದ ಹೇಳುವವರು ಯಾರೂ ಇರುವುದಿಲ್ಲವಲ್ಲ, ಇವತ್ತೇ ತಿಳಿದುಹೋಗಲಿ. ಹುಡುಗಿ ಒಂದೊಂದೇ ಕೈಗೆತ್ತಿಕೊಳ್ಳುತ್ತಾಳೆ. ದಾರದ ಗಂಟು ಮುಟ್ಟಿ ಮಸ್ಕಾರ ಬುಟ್ಟಿಗೆ ಹಾಕುತ್ತಾಳೆ. ಪೌಡರನ್ನು ಉಗುರಲ್ಲಿ ಕೆರೆದು ಉಳಿಸಿಕೊಳ್ಳುತ್ತಾಳೆ. ಕೈ ಒಂದು ಲಿಪ್‌ಸ್ಟಿಕ್ಕಿನ ಮೇಲೆ ನಿಲ್ಲುತ್ತದೆ.

ಅದು ಕಣ್ಣು ವಾಸಿಯಾಗಿ ಹಾಸ್ಟೆಲಿಗೆ ಮರಳಿದ ದಿನ ಅಕ್ಕ ಕೊಟ್ಟದ್ದು. ಅಂಗಡಿಯಿಂದ ಕೊಂಡು ತಂದು, ಹುಡುಗಿಯ ಎದುರಿಗೇ ಸೀಲು ಒಡೆದು ಕೊಟ್ಟದ್ದು. ಅಕ್ಕ ಜೀವನದಲ್ಲಿ ಕೊಂಡ ಲಿಪ್‌ಸ್ಟಿಕ್ ಅದೊಂದೇ. ಹುಡುಗಿ ಅದನ್ನು ದೊಡ್ಡ ದಿನಗಳಿಗೆಂದೇ, ವಾರದ ಮೇಜಿಗೂ ತಾರದೆ ಎತ್ತಿಟ್ಟುಕೊಂಡಿದ್ದಾಳೆ, ಆದ್ದರಿಂದ ಇನ್ನೂ ಮುಕ್ಕಾಲು ಪಾಲು ಉಳಿದಿದೆ. ಅವಳು ಮುಚ್ಚಳ ತೆಗೆದು ಮೂಸುತ್ತಾಳೆ. ಮುಂಗೈ ಮೇಲೆ ಒಂದು ಗೆರೆ ಎಳೆದು, ಬೆರಳಿನಿಂದ ಉಜ್ಜಿ, ಮತ್ತೆ ಮೂಸುತ್ತಾಳೆ. ಅಕ್ಕನ ಕಣ್ಣಿಗೆ ಬಣ್ಣ ಚೂರೂ ಮಾಸಿಲ್ಲ, ಕೊಟ್ಟ ದಿನದಷ್ಟೇ ಕೆಂಪಗಿದೆ. ‘ನೋಡೋಕೆ ಚೆನ್ನಾಗೇ ಇದೆ ಕಣೇ, ಇಟ್ಕೋ’ ಎಂಬ ಮಾತು ನಾಲಿಗೆಯ ತುದಿಗೆ ಬಂದುಬಿಡುತ್ತದೆ. ಅಕ್ಕ ಸೆರಗಿನಂಚನ್ನು ಬಾಯಿಗೊತ್ತಿಕೊಂಡು, ಕಣ್ಣು ಮುಚ್ಚಿ ಕೂರುತ್ತಾರೆ.

“ಹೋಗಿದೆ ಅಕ್ಕ ಇದು,” ಎನ್ನುತ್ತಾಳೆ ಹುಡುಗಿ. ಒಂದು ಕ್ಷಣ ಲಿಪ್‌ಸ್ಟಿಕ್ಕನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಆಮೇಲೆ ಕಾಲಿನಿಂದ ಬುಟ್ಟಿ ಎಲ್ಲಿದೆ ಎಂದು ತಡವಿ ನೋಡಿ, ಅದರೊಳಗೆ ಹಾಕಿಬಿಡುತ್ತಾಳೆ.

ಬಾಡಿಗೆ ಕಾರಿನ ಹಾರ್ನ್ ಕೇಳಿಸುತ್ತದೆ. ಹೆಂಗಸರೆಲ್ಲ ಬಾಗಿಲಿಗೆ ಬಂದು ಒಬ್ಬರ ಹಿಂದೊಬ್ಬರು ಹುಡುಗಿಯ ಕೆನ್ನೆ ಮುಟ್ಟಿ ಕಳಿಸಿಕೊಡುತ್ತಾರೆ. ಅಕ್ಕ ಪೆಟ್ಟಿಗೆಗಳನ್ನು ಕಾರಿಗೆ ಹಾಕಿ, ತಲುಪಿದ ಕೂಡಲೇ ಫೋನ್ ಮಾಡು ಎಂದು ನಾಲ್ಕು ಸಲ ಹೇಳಿ, ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿರುತ್ತಾರೆ. ಒಳಗೆ ಬಂದವರೇ ಬುಟ್ಟಿ ಎತ್ತಿಕೊಂಡು ಹಿತ್ತಲ ಕಡೆ ನಡೆಯುತ್ತಾರೆ. ಬೇಜಾರಾಯಿತೇ ಎಂದು ಕೇಳಿದರೆ, ನಿಂತು, ಮೂಗು ಒರೆಸಿಕೊಂಡು, ಮುಖ ತುಂಬ ನಗುತ್ತಾರೆ.

“ನಾನು ಕೊಟ್ಟಿದ್ದನ್ನ ನನ್ನ ಕಣ್ಣೆದುರೇ ಕಸಕ್ಕೆ ಹಾಕಿದ್ಲು. ‘ಸರಿ ಇದೆಯಾ ನೋಡು ಅಕ್ಕ’ ಅಂತ ಒಂದು ಮಾತು ಕೇಳ್ಲಿಲ್ಲ ನೋಡಿ. ಕೇಳ್ಲೇ ಇಲ್ಲ ಅವಳು! ಇನ್ನು ನನಗೆ ಕಣ್ತುಂಬ ನಿದ್ದೆ ಬರತ್ತೆ.”