ಅವಾಚ್ಯ ಎಂದು ಬರೆದ ಮಾತು

ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ ಮೇಲೆ ಮಲ್ಲೇಶ್ವರದ ಮನೆಯಲ್ಲೇ ಕೂತು ಕೋರ್ಟು ಕಾಗದಗಳನ್ನು ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ತಪ್ಪು ತೋರಿಸಿದವರ ಮೇಲಂತೂ ಇನ್ನೂ ಜಾಸ್ತಿ.

ಎರಡು ವರ್ಷದ ಕೆಳಗೆ ಚಾಮರಾಜಪೇಟೆಯ ಟೈಲರೊಬ್ಬನ ಕೇಸು ಬಂತು. ಅಂಗಡಿಗೆ ಬಂದ ಪಕ್ಕದ ಮನೆಯವನಿಗೆ ಇಸ್ತ್ರಿಪೆಟ್ಟಿಗೆಯಲ್ಲಿ ಬಾರಿಸಿ ದವಡೆ ಮುರಿದಿದ್ದ. ಐದು ವರ್ಷ ಶಿಕ್ಷೆಯಾಗಿ ಜೈಲಿನಲ್ಲಿದ್ದ. ಹೊಡೆದದ್ದು ನಿಜ, ಶಿಕ್ಷೆಯನ್ನಾದರೂ ಇಳಿಸಿ ಎಂದು ದೆಹಲಿಯ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ಅಲ್ಲಿ ಕನ್ನಡ ಓದುವವರಿಲ್ಲ. ನಾನು ಬರೆದದ್ದೇ ಅವರಿಗೆ ಸಾಕ್ಷಿ.

ಅನುವಾದ ಕಳಿಸಿದ ಮೇಲೆ ವಕೀಲರು ಟೈಲರನ ಹೆಂಡತಿಯನ್ನು ಕರೆದುಕೊಂಡು ಮನೆಗೇ ಬಂದರು.

“ಮೇಡಂ, ಆ ಮನುಷ್ಯ ಕೆಣಕಿದ್ದಕ್ಕೇ ಇವ್ನು ಹೊಡೆದ ಅನ್ನೋದು ನಮ್ಮ ವಾದ. ನೀವು ‘ಅವಾಚ್ಯ ಶಬ್ದಗಳಿಂದ ಬೈದ’ ಅಂತಷ್ಟೇ ಬರ್ದಿದೀರಿ.”

“ಮತ್ತೆ? ಆ ಹೊಲಸೆಲ್ಲ ನಾನು ಬರೀಬೇಕಾ?” ಎಂದು ರೇಗಿದೆ.

ಆಕೆ ಮೆಲ್ಲಗೆ ಹೇಳಿದಳು: “ಹೊಲಸು ಮಾತೇನೂ ಆಡ್ಲಿಲ್ಲ ಮೇಡಂ. ನಮ್ ಮಗಳು ಜ್ವರದಲ್ಲಿ ತೀರ್ಕೊಂಡು ಹನ್ನೆರಡು ದಿನ ಆಗಿತ್ತು. ಇವರು ಅವತ್ತೇ ಅಂಗಡಿ ತೆಗ್ದಿದ್ರು. ಅವ್ನು ಬಂದು, ‘ಬಿಡೋ, ಹೋಗಿದ್ದು ಹೆಣ್ಣು ತಾನೇ’ ಅಂದ.”

ಮೂಲ ಕಾಗದ ತೆಗೆದೆ. ಸಾಕ್ಷಿಯ ಹೇಳಿಕೆಯಲ್ಲಿ ಆ ಮಾತು ಇದ್ದ ಹಾಗೇ ಇತ್ತು. ಹೊಡೆದಾಟದ ದೂರುಗಳಲ್ಲಿ ‘ಅವಾಚ್ಯ ಶಬ್ದ’ ಎಂಬುದನ್ನು ನೂರಾರು ಸಲ ಅನುವಾದಿಸಿ ಕೈಗೆ ರೂಢಿಯಾಗಿಹೋಗಿತ್ತು; ಇದನ್ನೂ ಸರಿಯಾಗಿ ಓದದೆ ಅದರಲ್ಲೇ ಸೇರಿಸಿಬಿಟ್ಟಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ. ಮನೆಗೆ ನಾಲ್ಕನೇ ಹೆಣ್ಣಾಗಿ ಹುಟ್ಟಿದವಳು ನಾನು. ಆ ಮಾತು ಎಲ್ಲಿ ನಾಟುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಕೂರಿಸುವಷ್ಟರಲ್ಲಿ ಸಂಜೆಯಾಯಿತು.

ಹೊಡೆದದ್ದು ತಪ್ಪೇ ಎಂದಿತು ಕೋರ್ಟು. ಆದರೆ ಮಗಳನ್ನು ಕಳೆದುಕೊಂಡವನಿಗೆ ಆ ಮಾತು ಎಂಥ ಪ್ರಚೋದನೆ ಎಂಬುದನ್ನೂ ನೋಡಿ, ಈಗಾಗಲೇ ಅನುಭವಿಸಿದ ಶಿಕ್ಷೆಯೇ ಸಾಕೆಂದು ಬಿಟ್ಟಿತು. ಸುದ್ದಿ ಕೇಳಿ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಮೊನ್ನೆ ಅಂಗಿ ಗುಂಡಿ ಕೊಳ್ಳಲು ಸಂಪಿಗೆ ರಸ್ತೆಗೆ ಬಂದ ಟೈಲರ್ ಮನೆಗೂ ಬಂದ. ಮೊದಲು ತಪ್ಪು ಬರೆದವಳು ನಾನೇ ಎಂದು ಒಪ್ಪಿಕೊಂಡೆ.

“ನಾನು ಹೊಡೆದಿದ್ದೂ ತಪ್ಪೇ ಮೇಡಂ,” ಎಂದ. “ಹೋದ್ ವಾರ ಆ ಪಕ್ಕದ್ಮನೆಯವ್ನೇ ಮೊಮ್ಮಗಳನ್ನ ಕರ್ಕೊಂಡು ಅಂಗಡಿಗೆ ಬಂದಿದ್ದ. ‘ಸ್ಕೂಲ್ ಯೂನಿಫಾರಂ ಹೊಲ್ಕೊಡ್ತೀಯಾ’ ಅಂತ ಕೇಳ್ದ. ಅವ್ನು ತಲೆ ಎತ್ಲಿಲ್ಲ.”

“ನೀವೇನಂದ್ರಿ?”

“ಅಳತೆ ತಗೊಂಡೆ. ಹುಡುಗಿ ಬೇಗ ಬೆಳೀತಾಳೆ ಅಂತ ಅಂಚು ಸ್ವಲ್ಪ ಜಾಸ್ತೀನೇ ಮಡಚಿ ಹೊಲ್ದಿದೀನಿ.”