ಹುಟ್ಟುವ ಮೊದಲೇ ತಿದ್ದಲು ಹೊರಟ ದೊಡ್ಡಪ್ಪ

ಈ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ಅವಲಕ್ಕಿಗೆ ಒಗ್ಗರಣೆ ಹಾಕಿದರು. ನಾನಾಗ ತುಂಬು ಬಸುರಿ ಹೆಂಡತಿಯ ಪಕ್ಕ ಕೂತು, ಹೊಟ್ಟೆಯೊಳಗಿನ ಮಗುವಿಗೆ ಹದಿಮೂರರ ಮಗ್ಗಿ ಹೇಳಿಕೊಡುತ್ತಿದ್ದೆ. ನಗಬೇಡಿ, ನಮ್ಮ ಮನೆತನವೇ ಅಂಥದ್ದು. ಹೆಂಡತಿಯೂ ಏನೋ ಹೇಳುತ್ತಿದ್ದಳು, ನನ್ನ ಮಗ್ಗಿಯ ಗದ್ದಲದಲ್ಲಿ ಕೇಳಿಸಲಿಲ್ಲ. ಅವಲಕ್ಕಿಯ ಘಮ ಬಂದದ್ದೇ ತಡ, ಒಂಟಿಕೊಪ್ಪಲಿನ ದೊಡ್ಡಪ್ಪ ನೆನಪಾಗಿ ಮಗ್ಗಿ ಅರ್ಧಕ್ಕೇ ನಿಂತಿತು.

ದೊಡ್ಡಪ್ಪ ನಿವೃತ್ತರಾದ ಮೇಲೆ ಹಠ ಹಿಡಿದು ಕಂಪ್ಯೂಟರಿನ ಸಿ ಭಾಷೆ ಕಲಿತರು. ತಿಥಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆದರು. ಮಹಾ ವಾಚಾಳಿ ಅದು, ಗ್ರಹಗತಿಯನ್ನೆಲ್ಲ ಪರದೆ ತುಂಬ ಕಾರುತ್ತಿತ್ತು. ಹಾಗಾಗಿ ಅದನ್ನು ಮಗುವಿನಂತೆ ಹುಟ್ಟಿಸಿ ಹದ್ದುಬಸ್ತಿನಲ್ಲಿಡಲು ಮೇಲೊಂದು ಅಪ್ಪ ಪ್ರೋಗ್ರಾಂ ಬಂತು. ಮಗುವಿನ ಮಾತೆಲ್ಲ ಫೈಲಿಗೆ ಹೋಗಬೇಕು, ಅಪ್ಪ ಅದನ್ನೋದಿ ಇವತ್ತು ಊಟವೋ, ಏಕಾದಶಿಯ ಉಪವಾಸವೋ ಎಂದಷ್ಟೇ ಪರದೆಯ ಮೇಲೆ ಹೇಳಬೇಕು. ಆ ಭರವಸೆಯಲ್ಲಿ ಗೋಡೆಯ ಕ್ಯಾಲೆಂಡರನ್ನು ಕಿತ್ತು ಹಳೇ ಪೇಪರಿನವನಿಗೆ ಹಾಕಿದರು.

ಅಪ್ಪ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಪರದೆ ಖಾಲಿ. ಅಕ್ಕಪಕ್ಕದಲ್ಲಿ ತಿಥಿ ಕೇಳಿದರೆ ದೊಡ್ಡಪ್ಪನ ಮರ್ಯಾದೆ ಹೋಗುತ್ತದೆ. ಕೇಳದೆ ಉಂಡು ಅವತ್ತೇ ಏಕಾದಶಿಯಾಗಿಬಿಟ್ಟರೆ ದೊಡ್ಡಮ್ಮನ ಪುಣ್ಯ ಹೋಗುತ್ತದೆ. ಯಾವುದಕ್ಕೂ ಇರಲಿ ಅಂತ ದೊಡ್ಡಮ್ಮ ದಿನಾ ಅನ್ನ ಬಿಟ್ಟರು. ಭಾನುವಾರ ಹುಳಿಯನ್ನದ ಆಸೆಗೆ ಹೋದ ನನಗೂ ಅವಲಕ್ಕಿಯೇ ಬಂತು. ವಾರದಿಂದ ಇದೇ ಅಂತೆ. ದೊಡ್ಡಮ್ಮನ ಮುಖ ಸೊರಗಿದ್ದು ನೋಡಿ ಸಂಕಟವಾಯಿತು.

ಕೋಡ್ ತೆಗೆದು ನೋಡಿದೆ. ಮಗು ಹುಟ್ಟುವುದು ಫೋರ್ಕ್ ಎಂಬ ಸಾಲಿನಲ್ಲಿ. ದೊಡ್ಡಪ್ಪ ಅದಕ್ಕೂ ಮೊದಲೇ ಮಾತನ್ನು ಫೈಲಿಗೆ ತಿರುಗಿಸಿಟ್ಟಿದ್ದರು. ಆಗಿನ್ನೂ ಇದ್ದದ್ದು ಅಪ್ಪ ಒಬ್ಬನೇ, ಹಾಗಾಗಿ ಅವನ ಬಾಯಿಯೇ ಫೈಲಿಗೆ ತಿರುಗಿತ್ತು. ಮಗು ಹುಟ್ಟಿದ ಮೇಲೆ, ಅದರ ಪಾಲಿನ ಸಾಲುಗಳಲ್ಲಿ ತಿರುಗಿಸಬೇಕು ಎಂದೆ.

"ಸಂಸ್ಕಾರ ಹೊಟ್ಟೇಲಿದ್ದಾಗ್ಲೇ ಕೊಡ್ಬೇಕು ಕಣೋ. ಹುಟ್ಟಿದ್ಮೇಲೆ ಯಾವ ಮಗು ಮಾತು ಕೇಳುತ್ತೆ?" ಎಂದು ದೊಡ್ಡಪ್ಪ ಜಪ್ಪಯ್ಯ ಅನ್ನಲಿಲ್ಲ.

ವಾದ ಬೇಡವೆಂದು ಫೈಲನ್ನೇ ತೆರೆದೆ. ಹಳೆಯದನ್ನು ಅಳಿಸುವುದು ದೊಡ್ಡಪ್ಪನ ಜಾಯಮಾನವಲ್ಲ, ದಿನದಿನದ್ದೂ ಅಲ್ಲೇ ಇತ್ತು. ಮಗುವಿನ ಗ್ರಹಗತಿಯ ಪುರಾಣ, ಅದರ ಕೆಳಗೆ ಪ್ರತಿದಿನವೂ ಅಪ್ಪನದೊಂದು ಸಾಲು: ಇಂದು ಊಟ ಮಾಡಬಹುದು.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. "ಪಾಪ, ದಿನಾ ಹೇಳ್ತಾನೇ ಇತ್ತಲ್ರೀ" ಎಂದು ಎದ್ದು ಹೋಗಿ ಅಕ್ಕಿ ತೊಳೆದರು. ಕುಕ್ಕರ್ ಕೂಗುವಷ್ಟರಲ್ಲಿ ದೊಡ್ಡಪ್ಪ ಮಾತು ತಿರುಗಿಸುವ ಸಾಲನ್ನು ಫೋರ್ಕಿನ ಕೆಳಗೆ, ಮಗುವಿನ ಪಾಲಿಗೆ ಇಳಿಸಿದ್ದರು, ನನ್ನ ಕಡೆ ನೋಡದೆ.

ಇಷ್ಟನ್ನೂ ನೆನೆದು ನಾನು ಒಬ್ಬನೇ ನಗುತ್ತಾ, ಮಗ್ಗಿ ಈಗಲೇ ಬೇಡ, ಹುಟ್ಟಲಿ, ಅದೇನನ್ನುತ್ತೋ ಮೊದಲು ಕೇಳೋಣ ಎಂದು ಹೆಂಡತಿಗೆ ದೊಡ್ಡ ಮನಸ್ಸಿನಿಂದ ಹೇಳಿದೆ.

"ಅದು ಹುಟ್ಟಿದ್ಮೇಲೆ ಹೇಳುತ್ತೆ. ನನಗೆ ಹಸಿವು ಅಂತ ನಾನು ಆಗ್ಲಿಂದ ಹೇಳ್ತಾನೇ ಇದೀನಿ" ಎಂದಳು.

ಎದ್ದು ಹೋಗಿ ಅಕ್ಕಿ ತೊಳೆದೆ.