ನೋವಾಗದ ಮೂಗು

ನಮ್ಮ ಮೊಮ್ಮಗಳು ಶಶಿ ಇವತ್ತು ಬೆಳಿಗ್ಗೆ ಮೂಗುತಿ ಹಾಕಿಕೊಂಡಳು. ಹಾಕಿದವನು ನಾನೇ. ಆ ಸಂತೋಷದಲ್ಲೇ ಇದನ್ನು ಬರೆಯಲು ಕೂತಿದ್ದೇನೆ. ಬರೆದದ್ದು ಹಿಂದುಮುಂದಾದರೆ ಓದುವವರು ಹೊಂದಿಸಿಕೊಳ್ಳಬೇಕು, ನಾನು ಓದಿದ್ದು ಮೂರನೇ ಕ್ಲಾಸು.

ಹೋದ ವರ್ಷ, ಅಂದರೆ ೧೯೯೬ಕ್ಕೆ, ನಮ್ಮೂರು ಗಂಜಾಂನಲ್ಲಿ ನಾನು ಸ್ವಂತವಾಗಿ ಅಕ್ಕಸಾಲಿ ಕೆಲಸಕ್ಕೆ ಕೂತು ನಲವತ್ತು ವರ್ಷ. ಸುತ್ತಿನ ಎಷ್ಟೋ ಹೆಣ್ಣುಮಕ್ಕಳ ಮೂಗು ಚುಚ್ಚಿದ್ದೇನೆ. ತಂತಿ ಒಳಗೆ ಹೋಗುವಾಗ ಅವರ ಕಣ್ಣಲ್ಲಿ ನೀರು ಬರುತ್ತದೆ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅಂತ ನಮಗೆ ಹೇಳುವುದು ಆ ನೀರೇ.

ಶಶಿ ಪಾಂಡವಪುರದಲ್ಲಿ ಟೀಚರು, ಇರುವುದು ನಮ್ಮ ಮನೆಯಲ್ಲೇ. ಚಿಕ್ಕಂದಿನಲ್ಲಿ ಜಗಲಿಯಿಂದ ಬಿದ್ದು ಅವಳ ಮೂಗಿನ ಮೂಳೆ ಸೊಟ್ಟಗಾಗಿತ್ತು. ನೆಟ್ಟಗೆ ಮಾಡಿಸಿಕೊಳ್ಳಬೇಕೆಂದು ಹಟ ಹಿಡಿದು ಹೋದ ವರ್ಷ ಮೈಸೂರಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡಳು. ಅಂದರೆ ಪ್ಲಾಸ್ಟಿಕ್ ಕೂರಿಸುವುದಲ್ಲ, ಇರುವ ಮೂಳೆಯನ್ನೇ ತಿದ್ದುವುದು. ಅವಳು ಹಾಕುತ್ತಿದ್ದ ಮೂಗುತಿಯನ್ನು ಆಪರೇಷನ್ನಿಗೆ ಮೊದಲೇ ತೆಗೆಸಿದ್ದರು. ವಾರ ಕಳೆದು ಪಟ್ಟಿ ತೆಗೆದಾಗ ಮೂಗು ಗುಂಡುಬದನೆಕಾಯಿಯಂತೆ ಊದಿತ್ತು. ಊತ ಪೂರ್ತಿ ಇಳಿಯಲು, ಅದರಲ್ಲೂ ಮೂಗಿನ ತುದಿಯದು, ವರ್ಷವೇ ಹಿಡಿಯಬಹುದು, ಹೇಳುವವರೆಗೆ ಮೂಗುತಿ ಹಾಕಬೇಡಿ ಅಂದರು ಡಾಕ್ಟರು.

ಮೂರನೇ ವಾರ ನನ್ನ ಹೆಂಡತಿ ಶಶಿಯ ಮೂಗನ್ನೇ ನೋಡುತ್ತ, "ತೂತು ಮುಚ್ಕೋತಾ ಅದೆ ಕಣ್ರೀ. ಇನ್ನೊಂದ್ ವಾರ ಬುಟ್ರೆ ಮತ್ತೆ ಚುಚ್ಬೇಕಾಯ್ತದೆ" ಅಂದಳು.

ಮೂಗುತಿ ತಾನೇ ಬೇಡ ಅಂದದ್ದು, ಕೂದಲೆಳೆಯಂಥ ಚಿನ್ನದ ತಂತಿಗೇನು ಎಂದುಕೊಂಡೆ. ತುಪ್ಪದಲ್ಲಿ ಅದ್ದಿ ತೂರಿಸಿದೆ. ಒಳಗೆ ತೆಳ್ಳಗೆ ಮುಚ್ಚಿದ್ದದ್ದು ಪಟ್ಟನೆ ಬಿಟ್ಟುಕೊಂಡಿತು.

"ನೋಯ್ತಾ ಅವ್ವ?"

"ಇಲ್ಲ ತಾತ, ಏನೂ ಗೊತ್ತಾಗ್ನಿಲ್ಲ."

ಕಣ್ಣಲ್ಲಿ ಒಂದು ಹನಿಯಿಲ್ಲ. ವಾಸಿಯಾಗಿದೆ ಅಂತ ಹಿಗ್ಗಿದೆ.

ಮಾರನೇ ಬೆಳಿಗ್ಗೆ ಮೂಗು ಕೆಂಪಗೆ ಬಿಗಿದು, ಬಾವು ಕಣ್ಣಿನ ಕೆಳಗಿನವರೆಗೂ ಏರಿತ್ತು. ಮುಖಕ್ಕೆ ದುಪಟ್ಟ ಮುಚ್ಚಿಸಿ ಮೈಸೂರಿನ ಬಸ್ಸು ಹತ್ತಿಸಿದೆ. ಹೊಳೆಯ ಸೇತುವೆ ದಾಟುವಾಗ ಅವಳ ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡೆ. ಕೈ ಮೇಲೆ ಬಿದ್ದ ಅವಳ ಉಸಿರು ಸುಡುತ್ತಿತ್ತು.

ಡಾಕ್ಟರು ತಂತಿ ತೆಗೆದು, ತೊಳೆದು, ಇಂಜೆಕ್ಷನ್ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನೋವಾಗಲಿಲ್ಲ ಅಂದರೆ ವಾಸಿಯಾಗಿದೆ ಅಂತಲ್ಲ ಆಚಾರ್ರೇ. ಅಲ್ಲಿನ ಚರ್ಮಕ್ಕೆ ಇನ್ನೂ ಅರಿವೇ ಮರಳಿಲ್ಲ. ಕೀವು ಒಳಗಿಳಿದರೆ ಮೂಗೇ ಕುಸಿಯುತ್ತದೆ. ನಾಲ್ಕು ದಿನ ನೋಡೋಣ."

ಆ ನಾಲ್ಕು ದಿನ ನಾನು ಕೆಲಸಕ್ಕೆ ಕೂತೆ ಅಷ್ಟೇ. ಊದುಗೊಳವೆ ಬಾಯಿಗಿಟ್ಟರೆ ಉಸಿರು ಒಂದೇ ಸಮ ಬರದೆ ಬೆಸುಗೆ ಕೆಡುತ್ತಿತ್ತು. ನಲವತ್ತು ವರ್ಷ ಮೂಗಿಗೆ ಒಡವೆ ಮಾಡಿದ ಕೈಯೇ ಮೊಮ್ಮಗಳ ಮೂಗು ಕಳೆಯಿತೇ ಅನ್ನುವುದೊಂದೇ ಯೋಚನೆ. ಬೆಳಕು ಹರಿಯುತ್ತಲೇ ಅವಳ ಮುಂದೆ ಹೋಗಿ ನಿಲ್ಲುತ್ತಿದ್ದೆ. ಮುಟ್ಟುವ ಧೈರ್ಯವಿರಲಿಲ್ಲ.

"ಅಂಗ್ ನೋಡ್ಬೇಡ ತಾತ, ನಂಗೇ ಭಯ ಆಯ್ತದೆ" ಅಂದಳೊಂದು ದಿನ.

ಐದನೇ ದಿನ ಕೆಂಪು ಇಳಿಯಿತು. ಮೂಳೆಗೆ ಏನೂ ಆಗಿರಲಿಲ್ಲ. ಊತ ಮಾತ್ರ ಬೆಳಿಗ್ಗೆ ಏರುವುದು, ಸಂಜೆ ಇಳಿಯುವುದು, ತಿಂಗಳುಗಟ್ಟಲೆ ಹೀಗೇ ಆಡಿಸಿತು. ಎರಕ ಹೊಯ್ದ ಅಚ್ಚನ್ನು ಆರುವ ಮೊದಲು ಬಿಚ್ಚಬಾರದು ಅಂತ ಹತ್ತು ವರ್ಷದವನಿದ್ದಾಗಲೇ ಕಲಿತವನು ನಾನು. ಮೈಗೂ ಅದೇ ಮಾತು ಅನ್ನುವುದು ಮುದುಕನಾದ ಮೇಲೆ ತಿಳಿಯಿತು. ಈಗ ಯಾರು ಮೂಗು ಚುಚ್ಚಿಸಲು ಬಂದರೂ ಮೊದಲು ಮೂಗಿಗೆ ಆಪರೇಷನ್ ಏನಾದರೂ ಆಗಿದೆಯೇ ಅಂತ ಕೇಳುತ್ತೇನೆ. ಆಗಿದ್ದರೆ, ಡಾಕ್ಟರನ್ನು ಕೇಳಿಕೊಂಡು ಬನ್ನಿ ಅಂತ ಕಳಿಸುತ್ತೇನೆ.

ನಿನ್ನೆ ಡಾಕ್ಟರು ಊತ ಪೂರ್ತಿ ಇಳಿದಿದೆ, ಇನ್ನು ಹಾಕಬಹುದು ಅಂದರು. ಇವತ್ತು ಮತ್ತೆ ಚುಚ್ಚಿ, ಏಳು ಕಲ್ಲಿನ ಮೂಗುತಿ ಏರಿಸಿದೆ. ಶಶಿ ಎರಡೂ ಕಣ್ಣಲ್ಲಿ ನೀರು ತುಂಬಿಕೊಂಡು, "ಅಯ್ಯೋ ತಾತ, ನೋಯ್ತದೆ" ಅಂದಳು. ಅಷ್ಟು ಒಳ್ಳೆಯ ಮಾತನ್ನು ನಾನು ಕೇಳಿಯೇ ಇರಲಿಲ್ಲ.

ಸಂಜೆ ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತೆವು. ಮುದ್ದೆ, ಬಸ್ಸಾರು, ಪಾಯಸ. ಸಾರಿನ ಖಾರಕ್ಕೆ ಶಶಿಯ ಮೂಗು ಸೋರತೊಡಗಿತು. ಮತ್ತೆ ಕೀವೇನೋ ಎಂದು ಎಲ್ಲರ ತುತ್ತೂ ಅಲ್ಲಲ್ಲೇ ನಿಂತಿತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಏನಂಗ್ ನೋಡ್ತೀರಾ, ಉಣ್ಣಿ" ಅಂದಳು. ಉಂಡೆವು.